ಯುರೋಪಿಯನ್ನರ ಸಮುದ್ರಯಾನ: ಕಾರಣ, ಪರಿಣಾಮ ಮತ್ತು ನಮ್ಮ ಮಾರುಕಟ್ಟೆಗೆ ಅದರ ಪಾಠ

ಪೀಠಿಕೆ

ಪಾವಗಡ ತಾಲ್ಲೂಕಿನ ಹೋಬಳಿ ಕೇಂದ್ರವಾದ ವೈ.ಎನ್. ಹೊಸಕೋಟೆಗೂ ಸಮುದ್ರಕ್ಕೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಕಾಣುವುದಿಲ್ಲ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ತಾಲ್ಲೂಕು ಇದು. ಕೆಂಪು ಮರಳುಮಣ್ಣು, ನಂಬಲಾಗದ ಮಳೆ, ಕಲ್ಲುಗುಡ್ಡಗಳು, ಮನೆಮನೆಯ ರೇಷ್ಮೆ ಮಗ್ಗ, ಮುಂಗಾರಿನಲ್ಲಿ ಕಡಲೆಕಾಯಿ ಬಿತ್ತನೆ ಇವೇ ಇಲ್ಲಿನ ಬದುಕಿನ ಗುರುತುಗಳು. ಹಡಗನ್ನು ಕಣ್ಣಾರೆ ಕಂಡವರು ಇಲ್ಲಿ ವಿರಳ. ಆದರೆ ಬೆಟ್ಟದ ನೆಲ್ಲಿಗೂ ಸಮುದ್ರದ ಉಪ್ಪಿಗೂ ನಂಟುಂಟೆಂದು ಹೇಳುವ ನಮ್ಮ ಹಿರಿಯರ ಮಾತು ಇಲ್ಲಿ ಅಕ್ಷರಶಃ ನಿಜವಾಗಿದೆ. ಈ ಭಾಗದ ರೈತನು ಬಿತ್ತುವ ಕಡಲೆಕಾಯಿ, ಅವನ ಸಾರಿಗೆ ಖಾರ ಕೊಡುವ ಮೆಣಸಿನಕಾಯಿ, ಅವನ ಹೊಲದ ಬದುವಿಗೆ ಬೇಲಿಯಾದ ಕತ್ತಾಳೆ, ಆಯುಧಪೂಜೆಯ ದಿನ ಅಂಗಡಿಯ ತಕ್ಕಡಿಗೆ ಮುಡಿಸುವ ಚೆಂಡುಹೂವು ಇವೆಲ್ಲವೂ ಅಮೆರಿಕ ಖಂಡದ ಮೂಲದವು. ಇವು ಯುರೋಪಿಯನ್ನರು ತೆರೆದ ಸಮುದ್ರಮಾರ್ಗಗಳ ಮೂಲಕ ಜಗತ್ತನ್ನು ಸುತ್ತಿ ನಮ್ಮ ನೆಲಕ್ಕೆ ಬಂದವು.

ಶಾಲೆಯ ಇತಿಹಾಸ ಪುಸ್ತಕದಲ್ಲಿ ವಾಸ್ಕೋ ಡ ಗಾಮ ಮತ್ತು ಕೊಲಂಬಸ್ ಪರೀಕ್ಷೆಗೆ ಓದಬೇಕಾದ ಎರಡು ಹೆಸರುಗಳಾಗಿದ್ದರು. ವ್ಯಾಪಾರದಲ್ಲಿ ತೊಡಗಿರುವವರು ಅದೇ ಅಧ್ಯಾಯವನ್ನು ಮತ್ತೊಮ್ಮೆ ಓದಿದರೆ ಅದು ಬೆಲೆ, ದಾರಿ, ಮಾಹಿತಿ, ಬಂಡವಾಳ ಮತ್ತು ಏಕಸ್ವಾಮ್ಯದ ಪಾಠವಾಗಿ ಕಾಣುತ್ತದೆ. ಆ ದೃಷ್ಟಿಯಿಂದ, ಮುಖ್ಯವಾಗಿ ಕನ್ನಡನಾಡಿನ ಅನುಭವವನ್ನು ಆಧಾರವಾಗಿಟ್ಟುಕೊಂಡು, ಈ ವಿಷಯವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಯಾನಗಳಿಗೆ ಮುನ್ನ ನಮ್ಮ ಸಮುದ್ರ

ಯುರೋಪಿಯನ್ನರು ಬರುವ ಮೊದಲು ಹಿಂದೂ ಮಹಾಸಾಗರ ಬರಿದಾಗಿತ್ತೆಂದು ಭಾವಿಸಬಾರದು. ಅರಬ್ಬರು, ಗುಜರಾತಿಗಳು, ಮಲಬಾರಿನ ಮಾಪಿಳ್ಳೆಗಳು, ಭಟ್ಕಳದ ನವಾಯತರು ಶತಮಾನಗಳಿಂದ ಮುಂಗಾರು ಗಾಳಿಯ ಲೆಕ್ಕ ಹಿಡಿದು ಹಡಗು ನಡೆಸುತ್ತಿದ್ದರು. 1405ರಿಂದ 1433ರವರೆಗೆ ಚೀನಾದ ನೌಕಾಧಿಪತಿ ಝೆಂಗ್ ಹೆ ದೊಡ್ಡ ನೌಕಾಪಡೆಗಳೊಡನೆ ಈ ಸಮುದ್ರದಲ್ಲಿ ಸಂಚರಿಸಿದ್ದನು. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಮಂಗಳೂರಿನ ಮಾರ್ಗವಾಗಿ 1443ರಲ್ಲಿ ವಿಜಯನಗರಕ್ಕೆ ಬಂದು, ಆ ಸಾಮ್ರಾಜ್ಯಕ್ಕೆ 300 ಬಂದರುಗಳಿವೆ ಎಂದು ಬರೆದನು. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದಾದರೂ ಬಂದರುಗಳ ಸಮೃದ್ಧಿಯನ್ನು ಅದು ಸೂಚಿಸುತ್ತದೆ.

ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಡುತ್ತಿದ್ದವು. ಅರೇಬಿಯಾ ಮತ್ತು ಹೊರ್ಮುಜ್‌ನ ಕುದುರೆಗಳು ಬಂದಿಳಿಯುತ್ತಿದ್ದವು. ಬಂದರಿನ ಒಡೆಯನಿಗೆ ಸುಂಕ ಕಟ್ಟಿದವರು ಯಾವ ದೇಶದವರಾದರೂ ವ್ಯಾಪಾರ ಮಾಡಬಹುದಾಗಿತ್ತು. ಕಡಲ್ಗಳ್ಳರ ಕಾಟ ಇದ್ದೇ ಇತ್ತು. ಆದರೆ ಇಡೀ ಸಮುದ್ರವೇ ತನ್ನದೆಂದು ಹೇಳಿ, ಅದರ ಮೇಲೆ ಓಡಾಡುವುದಕ್ಕೇ ಪರವಾನಗಿ ಬೇಕೆಂದು ವಿಧಿಸಿದ ಅರಸನು ಇರಲಿಲ್ಲ. ಮುಂದಿನ ಬದಲಾವಣೆಯನ್ನು ಅರ್ಥಮಾಡಿಕೊಳ್ಳಲು ಈ ಅಂಶ ಮುಖ್ಯ.

ಯಾನಗಳ ಕಾರಣಗಳು

1. ಮಧ್ಯವರ್ತಿಗಳ ಸರಪಳಿ: ಮಲಬಾರು ಮತ್ತು ಕನ್ನಡ ಘಟ್ಟಗಳ ಕರಿಮೆಣಸು ಕೆಂಪು ಸಮುದ್ರದ ಮೂಲಕ ಈಜಿಪ್ಟಿನ ಅಲೆಕ್ಸಾಂಡ್ರಿಯ ತಲುಪಿ, ಅಲ್ಲಿಂದ ವೆನಿಸ್ ನಗರದ ವರ್ತಕರ ಕೈಸೇರಿ ಯುರೋಪಿಗೆ ಹಂಚಿಕೆಯಾಗುತ್ತಿತ್ತು. ಪ್ರತಿ ಕೈಬದಲಾವಣೆಗೂ ಲಾಭ, ಪ್ರತಿ ಬಂದರಿಗೂ ಸುಂಕ ಸೇರಿ, ಕೊನೆಯ ಗ್ರಾಹಕನು ಮೂಲಬೆಲೆಯ ಹಲವು ಪಟ್ಟು ತೆರಬೇಕಾಗಿತ್ತು. ಈ ಸರಪಳಿಯನ್ನು ದಾಟಿ ಮೂಲದಲ್ಲಿಯೇ ಖರೀದಿಸಬೇಕೆಂಬುದು ಪೋರ್ಚುಗಲ್ಲಿನ ಮುಖ್ಯ ಉದ್ದೇಶವಾಯಿತು.

1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡುದರಿಂದ ದಾರಿ ಮುಚ್ಚಿತು, ಆದುದರಿಂದ ಹೊಸ ದಾರಿ ಹುಡುಕಿದರು ಎಂದು ಪಠ್ಯಗಳಲ್ಲಿ ಹೇಳುವುದುಂಟು. ಇದು ಅರ್ಧಸತ್ಯ. ಸಂಬಾರ ಪದಾರ್ಥಗಳ ಮುಖ್ಯ ದಾರಿ ಅಲೆಕ್ಸಾಂಡ್ರಿಯದ ಮೂಲಕ ಹಾದುಹೋಗುತ್ತಿತ್ತು. ತುರ್ಕರು ಈಜಿಪ್ಟನ್ನು ಗೆದ್ದದ್ದು 1517ರಲ್ಲಿ, ಅಂದರೆ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು 19 ವರ್ಷಗಳಾದ ಮೇಲೆ. ಪೋರ್ಚುಗೀಸರ ಆಫ್ರಿಕಾ ಸಾಹಸವಾದರೋ 1415ರಲ್ಲಿ ಸ್ಯೂಟಾ ಪಟ್ಟಣವನ್ನು ಹಿಡಿದಾಗಲೇ ಆರಂಭವಾಗಿತ್ತು. ಆದ್ದರಿಂದ ದಾರಿ ಮುಚ್ಚಿದ್ದಕ್ಕಿಂತಲೂ, ತೆರೆದಿದ್ದ ದಾರಿಯ ಲಾಭವೆಲ್ಲ ಬೇರೆಯವರ ಪಾಲಾಗುತ್ತಿದ್ದುದೇ ಬಲವಾದ ಕಾರಣವೆನ್ನಬೇಕು.

2. ಚಿನ್ನ ಬೆಳ್ಳಿಗಳ ಕೊರತೆ: ಪೂರ್ವದ ಸರಕಿಗೆ ಬದಲಾಗಿ ಕೊಡಲು ಯುರೋಪಿನಲ್ಲಿ ಬೇಡಿಕೆಯುಳ್ಳ ಸರಕು ಕಡಿಮೆ ಇತ್ತು. ಕೊಡಬೇಕಾದುದು ಲೋಹವನ್ನೇ. ಪಶ್ಚಿಮ ಆಫ್ರಿಕಾದ ಚಿನ್ನವನ್ನು ನೇರವಾಗಿ ತಲುಪುವ ಆಸೆಯೂ ಹಡಗುಗಳನ್ನು ದಕ್ಷಿಣಕ್ಕೆ ಎಳೆಯಿತು.

3. ಧರ್ಮ ಮತ್ತು ಅರಸೊತ್ತಿಗೆ: ಮುಸ್ಲಿಂ ರಾಜ್ಯಗಳೊಡನೆ ನಡೆದ ದೀರ್ಘ ಹೋರಾಟ, ಮತಪ್ರಚಾರದ ಉತ್ಸಾಹ, ಹೊಸ ರಾಜ್ಯಗಳ ಪ್ರತಿಷ್ಠೆ ಇವು ವ್ಯಾಪಾರದ ಉದ್ದೇಶದೊಡನೆ ಬೆರೆತವು. ಪೋರ್ಚುಗಲ್ಲಿನ ರಾಜಕುಮಾರ ಹೆನ್ರಿ 1460ರಲ್ಲಿ ಮರಣಹೊಂದುವವರೆಗೂ ಆಫ್ರಿಕಾ ಯಾನಗಳಿಗೆ ಪೋಷಕನಾಗಿದ್ದನು.

4. ತಂತ್ರಜ್ಞಾನ: ಎದುರುಗಾಳಿಯಲ್ಲಿಯೂ ಓರೆಯಾಗಿ ಸಾಗಬಲ್ಲ ತ್ರಿಕೋನ ಹಾಯಿಯ ಕ್ಯಾರವೆಲ್ ನೌಕೆ, ದಿಕ್ಸೂಚಿ, ಅಕ್ಷಾಂಶ ತಿಳಿಯಲು ಆಸ್ಟ್ರೋಲೇಬ್, ನೌಕೆಯ ಮೇಲೆ ಕೂರಿಸಿದ ಫಿರಂಗಿ ಇವೆಲ್ಲವೂ ಒಟ್ಟುಗೂಡಿದವು. ದಿಕ್ಸೂಚಿ ಚೀನಾದ, ಆಸ್ಟ್ರೋಲೇಬ್ ಗ್ರೀಕ್ ಮತ್ತು ಅರಬ್ ಪರಂಪರೆಯ ಕೊಡುಗೆ ಎಂಬುದನ್ನು ಮರೆಯುವಂತಿಲ್ಲ.

5. ಬಂಡವಾಳ: ಅರಸನ ಬೊಕ್ಕಸವೊಂದೇ ಈ ಯಾನಗಳನ್ನು ನಡೆಸಲಿಲ್ಲ. ಲಿಸ್ಬನ್ ನಗರದಲ್ಲಿ ನೆಲೆಸಿದ್ದ ಇಟಲಿಯ ಸಾಹುಕಾರರು, ಅನಂತರ ಜರ್ಮನಿಯ ಫುಗ್ಗರ್ ಮತ್ತು ವೆಲ್ಸರ್ ಮನೆತನಗಳು ಭಾರತಯಾನಕ್ಕೆ ಹಣ ಹೂಡಿದವು.

ಯಾನಗಳ ಸಂಕ್ಷಿಪ್ತ ವಿವರ

1488ರಲ್ಲಿ ಬಾರ್ತಲೋಮಿಯೊ ಡಯಾಸ್ ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿಬಂದನು. 1492ರಲ್ಲಿ ಸ್ಪೇನಿನ ಆಶ್ರಯದಲ್ಲಿ ಪಶ್ಚಿಮಕ್ಕೆ ಹೊರಟ ಕೊಲಂಬಸ್ ಇಂಡಿಯಾವನ್ನು ಅರಸಿ ಅಮೆರಿಕದ ದ್ವೀಪಗಳನ್ನು ಮುಟ್ಟಿದನು. 1494ರ ಟೋರ್ಡೆಸಿಲ್ಯಾಸ್ ಒಪ್ಪಂದದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್‌ಗಳು ಅಟ್ಲಾಂಟಿಕ್ ಸಾಗರದಲ್ಲಿ ಒಂದು ಗೆರೆ ಎಳೆದು, ಯುರೋಪಿನಾಚೆಗಿನ ಜಗತ್ತನ್ನು ತಮ್ಮೊಳಗೆ ಹಂಚಿಕೊಂಡವು. ಹಂಚಿಕೆಯಾದ ನಾಡುಗಳ ಜನರನ್ನು ಯಾರೂ ಕೇಳಲಿಲ್ಲ.

ವಾಸ್ಕೋ ಡ ಗಾಮ 1497ರ ಜುಲೈ 8ರಂದು 4 ನೌಕೆಗಳೊಡನೆ, ಸುಮಾರು 170 ಜನರೊಡನೆ ಲಿಸ್ಬನ್ ಬಿಟ್ಟನು. ಆಫ್ರಿಕಾದ ಮಾಲಿಂದಿಯಲ್ಲಿ ಗಾಳಿಯ ಮರ್ಮ ಬಲ್ಲ ಸ್ಥಳೀಯ ಮಾರ್ಗದರ್ಶಿ ದೊರೆತ ಕಾರಣ, ಅಲ್ಲಿಂದ ಒಂದು ತಿಂಗಳೊಳಗೆ ಸಮುದ್ರ ದಾಟಿ 1498ರ ಮೇ 20ರಂದು ಕಲ್ಲಿಕೋಟೆಯನ್ನು ಸೇರಿದನು. ಹಿಂದಿರುಗುವಾಗ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ತಂಗಿ ನೌಕೆಗಳನ್ನು ದುರಸ್ತಿ ಮಾಡಿಸಿಕೊಂಡನು. ಕನ್ನಡ ಕರಾವಳಿಗೂ ಈ ಯಾನಗಳಿಗೂ ಮೊದಲ ಸಂಪರ್ಕ ಇದು. ಆದರೆ ಅನುಕೂಲ ಗಾಳಿಗಾಗಿ ಕಾಯದೆ ಅಕ್ಟೋಬರ್ ಮೊದಲ ವಾರದಲ್ಲಿಯೇ ಅಂಜದೀವವನ್ನು ಬಿಟ್ಟುದರಿಂದ, ಬರುವಾಗ ಒಂದು ತಿಂಗಳೂ ಹಿಡಿಯದ ದಾರಿಗೆ ಈ ಬಾರಿ ಸುಮಾರು ಮೂರು ತಿಂಗಳು ಹಿಡಿಯಿತು. ತಾಜಾ ಆಹಾರವಿಲ್ಲದೆ ವಸಡು ಊದುವ ಸ್ಕರ್ವಿ ರೋಗಕ್ಕೆ ಅನೇಕರು ಬಲಿಯಾದರು. 1499ರಲ್ಲಿ ಎರಡು ನೌಕೆಗಳು ಮಾತ್ರ ಮರಳಿದವು. ಹೊರಟವರಲ್ಲಿ ಮೂರನೆಯ ಒಂದು ಭಾಗದಷ್ಟು ಜನ ಮಾತ್ರ ಉಳಿದಿದ್ದರು.

1519ರಲ್ಲಿ ಮೆಗಲನ್ ನಾಯಕತ್ವದಲ್ಲಿ 5 ನೌಕೆಗಳು ಭೂಪ್ರದಕ್ಷಿಣೆಗೆ ಕಾರಣವಾದ ಯಾನಕ್ಕೆ ಹೊರಟವು. ನಾಯಕನೇ ದಾರಿಯಲ್ಲಿ ಹತನಾದನು. 1522ರಲ್ಲಿ ಒಂದೇ ನೌಕೆ, 18 ಯುರೋಪಿಯನ್ ನಾವಿಕರೊಡನೆ ಸ್ಪೇನಿಗೆ ಮರಳಿತು. ಆ ಒಂದು ನೌಕೆಯಲ್ಲಿದ್ದ ಲವಂಗದ ಮೌಲ್ಯವೇ ಇಡೀ ಯಾನದ ವೆಚ್ಚವನ್ನು ತೀರಿಸಿತು. ಇಷ್ಟು ಸಾವುನೋವಿನ ನಂತರವೂ ಹೊಸ ಹಡಗುಗಳು ಏಕೆ ಹೊರಡುತ್ತಿದ್ದವು ಎಂಬ ಪ್ರಶ್ನೆಗೆ ಈ ಲೆಕ್ಕವೇ ಉತ್ತರ. ಲಾಭ ಹೂಡಿಕೆದಾರನ ಖಾತೆಗೆ ಹೋಗುತ್ತಿತ್ತು. ಸಾವು ನಾವಿಕನ ಪಾಲಿಗೆ ಬರುತ್ತಿತ್ತು.

ಕನ್ನಡನಾಡಿನಲ್ಲಿ ಆದ ಪರಿಣಾಮಗಳು

ಪೋರ್ಚುಗೀಸರು ಸಮುದ್ರದ ಮೇಲೆ ಒಂದು ಹೊಸ ನಿಯಮವನ್ನು ಹೇರಿದರು. ಯಾವುದೇ ವ್ಯಾಪಾರಿ ನೌಕೆ ಅವರಿಂದ ‘ಕಾರ್ತಾಜ್’ ಎಂಬ ರಹದಾರಿ ಪತ್ರವನ್ನು ಹಣಕೊಟ್ಟು ಪಡೆಯಬೇಕು, ಅವರ ಬಂದರಿಗೆ ಬಂದು ಸುಂಕ ಕಟ್ಟಬೇಕು, ಅವರು ನಿಷೇಧಿಸಿದ ಸರಕನ್ನು ಸಾಗಿಸಬಾರದು. ಪತ್ರವಿಲ್ಲದ ನೌಕೆಯನ್ನು ಸರಕುಸಹಿತ ವಶಪಡಿಸಿಕೊಳ್ಳುತ್ತಿದ್ದರು. 1502ರಲ್ಲಿ ಎರಡನೆಯ ಬಾರಿ ಬಂದ ಗಾಮ ಭಟ್ಕಳದ ಮೇಲೆ ಅಕ್ಕಿಯ ಕಪ್ಪವನ್ನು ವಿಧಿಸಿದನು. 1505ರಲ್ಲಿ ಅಲ್ಮೇಡ ಅಂಜದೀವದಲ್ಲಿ ಕೋಟೆ ಕಟ್ಟಿಸಿ, ಹೊನ್ನಾವರದ ಮೇಲೆ ದಾಳಿ ಮಾಡಿದನು.

ಹೊನ್ನಾವರದ ಕಡಲ ಮುಖಂಡ ತಿಮ್ಮೋಜನ ಪ್ರಸಂಗ ವರ್ತಕರು ಗಮನಿಸತಕ್ಕದ್ದು. ಗೋವೆಯನ್ನು ಹಿಡಿಯುವಂತೆ ಆಲ್ಬುಕರ್ಕ್‌ಗೆ ಸಲಹೆ ಕೊಟ್ಟವನೂ ನೆರವಾದವನೂ ಅವನೇ. 1510ರ ಆರಂಭದಲ್ಲಿ ಗೋವೆ ಪೋರ್ಚುಗೀಸರ ವಶವಾಗಿ, ಮಧ್ಯೆ ಕೈತಪ್ಪಿ, ನವೆಂಬರ್ 25ರಂದು ಬಿಜಾಪುರದ ಆದಿಲ್‌ಶಾಹಿಯಿಂದ ಮತ್ತೆ ಅವರ ವಶವಾಯಿತು. ತಿಮ್ಮೋಜನು ಬಯಸಿದ್ದ ಗೋವೆಯ ಅಧಿಕಾರ ಮಾತ್ರ ಅವನಿಗೆ ದಕ್ಕಲಿಲ್ಲ. ಬಲಿಷ್ಠ ಪಾಲುದಾರನೊಡನೆ ಷರತ್ತನ್ನು ಮೊದಲೇ ಗಟ್ಟಿಮಾಡಿಕೊಳ್ಳದ ಪಾಲುದಾರಿಕೆಯ ಫಲ ಇದು.

ವಿಜಯನಗರದ ಅರಸರಿಗೆ ಅಶ್ವದಳವೇ ಬಲ. ಕುದುರೆ ವ್ಯಾಪಾರಕ್ಕೆಂದೇ ಬಂದಿದ್ದ ಪೋರ್ಚುಗೀಸ್ ವರ್ತಕ ನ್ಯೂನಿಜ್, ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಹೊರ್ಮುಜ್ ಮತ್ತು ಗೋವೆ ಎರಡೂ ಪೋರ್ಚುಗೀಸರ ಕೈಯಲ್ಲಿದ್ದುದರಿಂದ, ಯುದ್ಧದ ಮುಖ್ಯ ಸಾಧನಕ್ಕೆ ಒಂದು ಸಾಮ್ರಾಜ್ಯ ಹೊರಗಿನ ಒಬ್ಬನೇ ಮಾರಾಟಗಾರನನ್ನು ಅವಲಂಬಿಸಬೇಕಾಯಿತು. 1547ರ ಒಪ್ಪಂದದಂತೆ ಗೋವೆಯ ಕುದುರೆಗಳು ವಿಜಯನಗರಕ್ಕೇ ಸಲ್ಲಬೇಕು, ಬಿಜಾಪುರಕ್ಕೆ ಹೋಗಕೂಡದು. ಪ್ರತಿಯಾಗಿ ವಿಜಯನಗರದ ಪೆಟ್ಟುಪ್ಪು, ಕಬ್ಬಿಣ ಮತ್ತು ಬಟ್ಟೆಯು ಅಂಕೋಲ ಹಾಗೂ ಹೊನ್ನಾವರದಲ್ಲಿ ಪೋರ್ಚುಗೀಸರಿಗೆ ದೊರೆಯಬೇಕು. ಒಳನಾಡಿನಲ್ಲಿ ನೇಯ್ದ ಬಟ್ಟೆ ಯಾವ ಬಂದರಿಗೆ ಇಳಿಯಬೇಕೆಂಬುದನ್ನು ಹೀಗೆ ಎರಡು ಸರಕಾರಗಳು ಕಾಗದದ ಮೇಲೆ ತೀರ್ಮಾನಿಸಿದವು. ಅದನ್ನು ನೇಯ್ದವನಿಗೆ ಬೇರೆ ಗಿರಾಕಿಯನ್ನು ಹುಡುಕುವ ದಾರಿ ಕಿರಿದಾಯಿತು.

1565ರ ತಾಳಿಕೋಟೆ ಕದನದ ನಂತರ ವಿಜಯನಗರದ ಆಸ್ಥಾನ ಪಾವಗಡಕ್ಕೆ ಪೂರ್ವದಲ್ಲಿರುವ ಪೆನುಕೊಂಡಕ್ಕೆ ಸರಿಯಿತು. ಅತಿ ದೊಡ್ಡ ಗಿರಾಕಿಯನ್ನು ಕಳೆದುಕೊಂಡ ಗೋವೆಯ ಕುದುರೆ ವ್ಯಾಪಾರವೂ ಕುಸಿಯಿತು. ಏಕಸ್ವಾಮ್ಯವು ಕೊಳ್ಳುವವನನ್ನು ಮಾತ್ರವಲ್ಲದೆ ಮಾರುವವನನ್ನೂ ಒಂದೇ ಕಂಬಕ್ಕೆ ಕಟ್ಟಿಹಾಕುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ನಷ್ಟ ತುಂಬಿಕೊಳ್ಳಲು ಪೋರ್ಚುಗೀಸರು ಕರಾವಳಿಯ ಮೇಲೆ ಹಿಡಿತ ಬಿಗಿಮಾಡಿದರು. 1568ರಲ್ಲಿ ಮಂಗಳೂರಿನಲ್ಲಿಯೂ 1569ರಲ್ಲಿ ಹೊನ್ನಾವರ ಮತ್ತು ಬಸರೂರುಗಳಲ್ಲಿಯೂ ಅವರ ಕೋಟೆಗಳು ಎದ್ದವು.

ಆದರೆ ಕನ್ನಡ ಕರಾವಳಿ ಸುಮ್ಮನೆ ಕೈಕಟ್ಟಿ ಕೂರಲಿಲ್ಲ. ಉಳ್ಳಾಲದ ಅಬ್ಬಕ್ಕ ಕಪ್ಪ ಕೊಡಲು ನಿರಾಕರಿಸಿ ಹೋರಾಡಿದಳು. ಗೇರುಸೊಪ್ಪೆಯ ಚೆನ್ನಭೈರಾದೇವಿ ಘಟ್ಟದ ಕರಿಮೆಣಸಿನ ವ್ಯಾಪಾರವನ್ನು ತನ್ನ ಹಿಡಿತದಲ್ಲಿಟ್ಟುಕೊಂಡಿದ್ದುದರಿಂದ ಪೋರ್ಚುಗೀಸರೇ ಅವಳನ್ನು ‘ಮೆಣಸಿನ ರಾಣಿ’ ಎಂದು ಕರೆದರು. ಕೆಳದಿಯ ನಾಯಕರ ನೀತಿ ಇನ್ನೂ ಗಮನಾರ್ಹ. ಗೋವೆಯ ಕೋಟೆಗಳಿಗೆ ಫಿರಂಗಿಯ ಕೊರತೆ ಇರಲಿಲ್ಲ, ಅನ್ನದ ಕೊರತೆ ಇತ್ತು. ಆ ಅನ್ನ ಬರುತ್ತಿದ್ದುದು ಬಸರೂರು, ಮಂಗಳೂರುಗಳಿಂದ. ಸಮುದ್ರವನ್ನು ಆಳುತ್ತಿದ್ದವರು ಕನ್ನಡ ಜಿಲ್ಲೆಯ ಅಕ್ಕಿಗಾಗಿ ಕೆಳದಿಯ ಬಾಗಿಲಿಗೆ ಬರಬೇಕಾಗಿತ್ತು. 1650ರ ದಶಕದಲ್ಲಿ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳಿಂದ ಅವರನ್ನು ಹೊರದಬ್ಬಿದನು. ಆನಂತರದ ಒಪ್ಪಂದಗಳಲ್ಲಿ ಅಕ್ಕಿಯ ವಿಷಯವೇ ಮತ್ತೆ ಮತ್ತೆ ಬಂದಿತು.

ಪೋರ್ಚುಗೀಸರ ದಾರಿಯ ಗುಟ್ಟೂ ಬಹುಕಾಲ ಉಳಿಯಲಿಲ್ಲ. ಗೋವೆಯ ಆರ್ಚ್‌ಬಿಷಪ್ಪರ ಬಳಿ ಕಾರ್ಯದರ್ಶಿಯಾಗಿದ್ದ ಡಚ್ ಯುವಕ ಲಿನ್ಸ್‌ಖೋಟೆನ್ ಸಮುದ್ರಮಾರ್ಗಗಳ ಮಾಹಿತಿಯನ್ನು ಸಂಗ್ರಹಿಸಿ 1596ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಇದಾದ ಕೆಲವೇ ವರ್ಷಗಳಲ್ಲಿ, 1600ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯೂ 1602ರಲ್ಲಿ ಡಚ್ ಕಂಪನಿಯೂ ಹುಟ್ಟಿದವು. ಡಚ್ ಕಂಪನಿ ಸಾರ್ವಜನಿಕರಿಂದ ಷೇರುಗಳ ಮೂಲಕ ಸುಮಾರು 64 ಲಕ್ಷ ಗಿಲ್ಡರ್ ಬಂಡವಾಳ ಕೂಡಿಸಿತು. ಸಾಮಾನ್ಯ ಗೃಹಸ್ಥರೂ ಸಣ್ಣ ಮೊತ್ತ ಹಾಕಿ ಪಾಲುದಾರರಾದರು. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ನೆಲೆಯೂರಿದರು. ಹುಬ್ಬಳ್ಳಿಯ ಬಟ್ಟೆ ಮತ್ತು ಘಟ್ಟದ ಮೆಣಸು ಅಲ್ಲಿಂದ ಹಡಗೇರುತ್ತಿದ್ದವು.

ಮಾನವ ಸಮಾಜದ ಮೇಲೆ ಆದ ಪರಿಣಾಮಗಳು

ಲಾಭದ ಲೆಕ್ಕದ ಜೊತೆಗೆ ನಷ್ಟದ ಲೆಕ್ಕವನ್ನೂ ಬರೆಯಬೇಕು. ಅಮೆರಿಕದ ಮೂಲನಿವಾಸಿಗಳು ಯುರೋಪಿನಿಂದ ಬಂದ ಸಿಡುಬು ಮೊದಲಾದ ರೋಗಗಳಿಂದಲೂ ದಬ್ಬಾಳಿಕೆಯಿಂದಲೂ ಭಾರಿ ಸಂಖ್ಯೆಯಲ್ಲಿ ನಾಶವಾದರು. ಅಲ್ಲಿನ ಕಬ್ಬಿನ ತೋಟಗಳಲ್ಲಿ, ಗಣಿಗಳಲ್ಲಿ ದುಡಿಸಲು ಆಫ್ರಿಕಾದಿಂದ ಸುಮಾರು 1 ಕೋಟಿ 25 ಲಕ್ಷ ಜನರನ್ನು ಗುಲಾಮರನ್ನಾಗಿ ಹಡಗೇರಿಸಲಾಯಿತು. ಅವರ ಬೆಲೆಯಾಗಿ ಆಫ್ರಿಕಾದಲ್ಲಿ ಕೊಟ್ಟ ಸರಕುಗಳಲ್ಲಿ ಭಾರತದ ಹತ್ತಿ ಬಟ್ಟೆಯೂ ಒಂದು.

ಈ ಕಥೆ ನಮ್ಮ ರಾಜ್ಯದೊಳಗೂ ಇದೆ. ಯಲ್ಲಾಪುರ, ಹಳಿಯಾಳ, ಅಂಕೋಲ ತಾಲ್ಲೂಕುಗಳ ಕಾಡಿನಂಚಿನಲ್ಲಿ ವಾಸಿಸುವ ಸಿದ್ದಿ ಜನಾಂಗದವರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಅಥವಾ ಬಿಡುಗಡೆಯಾಗಿ ಘಟ್ಟ ಸೇರಿದವರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಹಾಗೆಯೇ 1560ರಲ್ಲಿ ಗೋವೆಯಲ್ಲಿ ಆರಂಭವಾದ ಧರ್ಮವಿಚಾರಣೆಯ ಕಾಲದಲ್ಲಿ ಹಿಂದೂಗಳೂ ಕ್ರೈಸ್ತರೂ ಆದ ಅನೇಕ ಕೊಂಕಣಿ ಕುಟುಂಬಗಳು ಕನ್ನಡ ಕರಾವಳಿಗೆ ವಲಸೆ ಬಂದವು. ಮಂಗಳೂರಿನ ವಾಣಿಜ್ಯ ಜೀವನವನ್ನು ಬೆಳೆಸಿದವರಲ್ಲಿ ಅವರ ಪಾಲು ದೊಡ್ಡದು.

ನಮ್ಮ ಮಾತಿನಲ್ಲಿಯೂ ಗುರುತು ಉಳಿದಿದೆ. ಅಂಗಡಿಯ ಚಾವಿ, ದಾಸ್ತಾನಿನ ಅಲಮಾರು, ಬಟ್ಟೆಯ ಇಸ್ತ್ರಿ, ತಿಂಗಳ ಪಗಾರ, ಉತ್ತರ ಕರ್ನಾಟಕದ ಪೇಟೆಗಳ ಲಿಲಾವು ಇವು ಪೋರ್ಚುಗೀಸ್ ಮೂಲದ ಪದಗಳು.

ಕಡಲೆಕಾಯಿ ನಡೆದುಬಂದ ದಾರಿ

ಹೊಸ ಸರಕಿಗೆ ಜನ ಹಳೆಯ ಸರಕಿನ ಹೆಸರನ್ನೇ ಇಡುತ್ತಾರೆ. ಮೆಣಸು ಎಂದರೆ ಮೊದಲು ಕರಿಮೆಣಸು ಮಾತ್ರ. ಅಮೆರಿಕದಿಂದ ಬಂದ ಖಾರದ ಕಾಯಿ ‘ಮೆಣಸಿನಕಾಯಿ’ಯಾಯಿತು, ಕೊನೆಗೆ ಅದೇ ಪ್ರಬಲವಾಗಿ ಮೂಲದ ಮೆಣಸೇ ‘ಕಾಳುಮೆಣಸು’ ಎಂದು ವಿಶೇಷಣ ಹಚ್ಚಿಕೊಳ್ಳಬೇಕಾಯಿತು. ಪೋರ್ಚುಗೀಸರು ಕರಿಮೆಣಸಿಗಾಗಿ ಬಂದು ಮೆಣಸಿನಕಾಯಿಯನ್ನು ಬಿಟ್ಟುಹೋದರು. ಘಟ್ಟದ ತೋಟಗಾರನ ಬಳಿ ಮಾತ್ರ ಇದ್ದ ಖಾರ ಬಯಲುಸೀಮೆಯ ಬಡವನ ಹಿತ್ತಲಿಗೂ ಬಂದಿತು. ಬ್ಯಾಡಗಿ ಇಂದು ಆ ಕಾಯಿಯಿಂದಲೇ ಹೆಸರಾದ ಮಾರುಕಟ್ಟೆ.

ಹಾಗೆಯೇ ‘ಕಡಲೆ’ ನಮ್ಮ ಹಳೆಯ ಕಾಳು. ‘ನೆಲಗಡಲೆ’, ‘ಕಡಲೆಕಾಯಿ’, ‘ಶೇಂಗಾ’ ಎಂದು ಕರೆಯುವ ಬೆಳೆ ದಕ್ಷಿಣ ಅಮೆರಿಕದ್ದು. ಬ್ರೆಜಿಲ್ ಮತ್ತು ಆಫ್ರಿಕಾದ ಮೂಲಕ ಒಂದು ದಾರಿ, 1565ರ ನಂತರ ಮೆಕ್ಸಿಕೋದಿಂದ ಮನಿಲಾಕ್ಕೆ ಬರುತ್ತಿದ್ದ ಸ್ಪೇನಿನ ಹಡಗುಗಳ ಮೂಲಕ ಇನ್ನೊಂದು ದಾರಿ, ಹೀಗೆ ಎರಡು ಕಡೆಯಿಂದ ಅದು ಏಷ್ಯಾಕ್ಕೆ ಹಬ್ಬಿತು. ತಮಿಳಿನಲ್ಲಿ ಇದಕ್ಕೆ ‘ಮಣಿಲಾಕೊಟ್ಟೈ’ ಎಂಬ ಹೆಸರಿರುವುದು ಆ ದಾರಿಯ ನೆನಪು. ಇದು ವಾಣಿಜ್ಯ ಬೆಳೆಯಾಗಿ ದಕ್ಷಿಣ ಭಾರತದಲ್ಲಿ ವಿಸ್ತರಿಸಿದ್ದು 19ನೆಯ ಶತಮಾನದಲ್ಲಿ. ಫ್ರಾನ್ಸಿನ ಮಾರ್ಸೇಲ್ಸ್ ಪಟ್ಟಣದ ಎಣ್ಣೆ ಮತ್ತು ಸಾಬೂನು ಕಾರ್ಖಾನೆಗಳಿಗೆ ಪಾಂಡಿಚೇರಿ ಮೊದಲಾದ ಬಂದರುಗಳಿಂದ ಕಡಲೆಕಾಯಿ ಹಡಗೇರತೊಡಗಿತು.

ಮರಳು ಬೆರೆತ ಸಡಿಲ ಕೆಂಪುಮಣ್ಣು ಈ ಬೆಳೆಗೆ ಒಗ್ಗುತ್ತದೆ; ಹೂವು ಉದುರಿದ ಮೇಲೆ ಎಳೆಯಂತಹ ಭಾಗ ಮಣ್ಣಿಗಿಳಿದು ಕಾಯಿ ಕಟ್ಟಬೇಕಾದುದರಿಂದ ಗಟ್ಟಿ ನೆಲ ಒಗ್ಗದು. ಪಾವಗಡ, ಚಳ್ಳಕೆರೆ, ಕಲ್ಯಾಣದುರ್ಗ, ಮಡಕಶಿರಗಳ ನೆಲದ ಗುಣ ಇದಕ್ಕೆ ಹೊಂದಿಕೊಂಡಿತು. ರಾಗಿ, ಸಜ್ಜೆ, ನವಣೆ, ಹುರುಳಿ ಹೊಟ್ಟೆಗೆ ಅನ್ನ ಕೊಡುತ್ತಿದ್ದವು. ಕಡಲೆಕಾಯಿ ಕೈಗೆ ಕಾಸು, ದನಕ್ಕೆ ಹೊಟ್ಟು ಮತ್ತು ಹಿಂಡಿ, ಊರಿಗೆ ಎಣ್ಣೆಗಾಣದ ಕೆಲಸ ಕೊಟ್ಟಿತು. ತಿಂಡಿವನಂ ಸಂಶೋಧನಾ ಕೇಂದ್ರದಿಂದ 1940ರಲ್ಲಿ ಹೊರಬಂದ ಟಿ.ಎಂ.ವಿ.-2 ತಳಿ ದಶಕಗಳ ಕಾಲ ಈ ಸೀಮೆಯನ್ನು ಆಳಿತು.

ಆದರೆ ಹೊಟ್ಟೆಯ ಬೆಳೆ ಹೊಲದಿಂದ ಮನೆಗೆ ಬರುತ್ತದೆ, ಕಾಸಿನ ಬೆಳೆ ಹೊಲದಿಂದ ಮಾರುಕಟ್ಟೆಗೆ ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಬಿತ್ತನೆಬೀಜದ ಸಾಲ ಉಳಿಯುತ್ತದೆ. ಮಳೆ ಒಲಿದ ವರ್ಷ ಎಲ್ಲರ ಕಾಯಿಯೂ ಒಂದೇ ತಿಂಗಳಲ್ಲಿ ಪೇಟೆಗೆ ಬಂದು ಬೆಲೆ ಇಳಿಯುತ್ತದೆ. ಇದರ ಮೇಲೆ ಇನ್ನೊಂದು ಸಮುದ್ರಯಾನದ ಕಥೆ ಬಂದು ಸೇರಿತು. 1848ರಲ್ಲಿ ಡಚ್ಚರು ಜಾವಾ ದ್ವೀಪದ ಬೋಗೋರ್ ಸಸ್ಯೋದ್ಯಾನದಲ್ಲಿ ಆಫ್ರಿಕಾ ಮೂಲದ 4 ತಾಳೆ ಸಸಿಗಳನ್ನು ನೆಟ್ಟರು. ಆ ಬೆಳೆ ಇಂದು ಇಂಡೋನೇಷ್ಯಾ, ಮಲೇಷ್ಯಾಗಳ ಸಂಪತ್ತಾಗಿದೆ. 1994ರಲ್ಲಿ ನಮ್ಮ ದೇಶ ಪಾಮೋಲಿನ್ ಆಮದನ್ನು ಮುಕ್ತಗೊಳಿಸಿತು. ನಾವು ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಆದ್ದರಿಂದ ಹೊಸಕೋಟೆಯ ರೈತನು ತನ್ನ ಮೂಟೆಯ ಬೆಲೆಗೆ ಪಕ್ಕದೂರಿನ ರೈತನೊಡನಷ್ಟೇ ಅಲ್ಲ, ಸುಮಾತ್ರಾದ ತೋಟದೊಡನೆಯೂ ಸ್ಪರ್ಧಿಸುತ್ತಿದ್ದಾನೆ.

ನೇಕಾರಿಕೆಗೆ ಸಂಬಂಧಿಸಿದ ಅಂಶ

ವೈ.ಎನ್. ಹೊಸಕೋಟೆಯ ಮಗ್ಗಗಳ ಸದ್ದಿಗೂ ಇಲ್ಲಿ ಒಂದು ಪಾಠವಿದೆ. ಸಮುದ್ರಮಾರ್ಗ ತೆರೆದ ಮೇಲೆ ಭಾರತದ ಹತ್ತಿ ಮತ್ತು ರೇಷ್ಮೆ ಬಟ್ಟೆ ಯುರೋಪಿನಲ್ಲಿ ಎಷ್ಟು ಜನಪ್ರಿಯವಾಯಿತೆಂದರೆ, ತಮ್ಮ ನೇಕಾರರನ್ನು ಉಳಿಸಲು ಇಂಗ್ಲೆಂಡಿನ ಪಾರ್ಲಿಮೆಂಟು 1700ರಲ್ಲಿ ಭಾರತದ ರೇಷ್ಮೆ ಬಟ್ಟೆ ಹಾಗೂ ಬಣ್ಣದ ಅಚ್ಚಿನ ಹತ್ತಿ ಬಟ್ಟೆಯ ಬಳಕೆಯನ್ನು ನಿಷೇಧಿಸುವ ಕಾಯಿದೆ ಮಾಡಿತು. 1721ರಲ್ಲಿ ಹತ್ತಿ ಬಟ್ಟೆಯ ಮೇಲಿನ ನಿರ್ಬಂಧವನ್ನು ಇನ್ನೂ ಬಿಗಿಗೊಳಿಸಿತು. ಮುಕ್ತ ವ್ಯಾಪಾರದ ಮಾತು ಅವರ ಯಂತ್ರಗಳು ಬೆಳೆದ ಮೇಲೆ ಬಂದದ್ದು. ನಮ್ಮಲ್ಲಿ ಕೈಮಗ್ಗಕ್ಕೆ ಕೆಲವು ವಸ್ತುಗಳನ್ನು ಮೀಸಲಿಡುವ ಕಾಯಿದೆ 1985ರಲ್ಲಿ ಬಂದಿದೆ. ಆದರೂ ವಿದ್ಯುತ್ ಮಗ್ಗದ ಅನುಕರಣೆಯ ಸೀರೆ ಕೈಮಗ್ಗದ ಹೆಸರಿನಲ್ಲಿ ಮಾರಾಟವಾಗುವುದನ್ನು ಈ ವೃತ್ತಿಯವರು ಬಲ್ಲರು. ಇಳಕಲ್, ಮೊಳಕಾಲ್ಮೂರು ಸೀರೆಗಳಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ದೊರೆತಿರುವುದು ಹೆಸರಿಗೂ ಬೆಲೆಯಿದೆ ಎಂಬುದಕ್ಕೆ ಸಾಕ್ಷಿ.

ವರ್ತಕರು ಗ್ರಹಿಸಬೇಕಾದ ಪಾಠಗಳು

ಮೇಲಿನ ವಿವರಗಳಿಂದ ಕೆಳಗಿನ ಅಂಶಗಳನ್ನು ಗ್ರಹಿಸಬಹುದು.

1. ಸರಕಿನಷ್ಟೇ ಸರಕಿನ ದಾರಿಗೂ ಬೆಲೆಯುಂಟು. ಮೆಣಸು ಬೆಳೆದವನಿಗಿಂತ ಅದರ ದಾರಿ ಕಾಯ್ದವನು ಹೆಚ್ಚು ಗಳಿಸಿದನು. ಒಣಗಿಸುವ ಕಣ, ಸಂಗ್ರಹಿಸುವ ಗೋದಾಮು, ಸಾಗಿಸುವ ವಾಹನ ಇವು ನಮ್ಮ ಕೈಯಲ್ಲಿಲ್ಲದಿದ್ದರೆ ಬೆಲೆಯೂ ನಮ್ಮ ಕೈಯಲ್ಲಿರುವುದಿಲ್ಲ. 2007ರ ಉಗ್ರಾಣ ಕಾಯಿದೆಯು ಗೋದಾಮಿನ ರಸೀದಿಯ ಆಧಾರದ ಮೇಲೆ ಸಾಲ ಪಡೆಯುವುದಕ್ಕೆ ಶಾಸನದ ಬಲ ಕೊಟ್ಟಿದೆ. ಕೊಯ್ಲಿನ ತಿಂಗಳಲ್ಲಿಯೇ ಮಾರಲೇಬೇಕಾದ ಒತ್ತಡವನ್ನು ಇದು ತಗ್ಗಿಸಬಲ್ಲದು.

2. ಒಬ್ಬನೇ ಗಿರಾಕಿ, ಒಬ್ಬನೇ ಸರಬರಾಜುದಾರ ಇಬ್ಬರೂ ಅಪಾಯ. ಕುದುರೆ ವ್ಯಾಪಾರದಲ್ಲಿ ವಿಜಯನಗರವೂ ಗೋವೆಯೂ ಇದನ್ನು ಕಲಿತವು. ಒಂದೇ ಬೆಳೆಯನ್ನು ನೆಚ್ಚುವುದೂ ಅಂತಹುದೇ. ಹಿರಿಯರು ಕಡಲೆಕಾಯಿಯ ನಡುವೆ ತೊಗರಿಯ ಅಕ್ಕಡಿ ಸಾಲು ಬಿಡುತ್ತಿದ್ದುದು ಈ ಅರಿವಿನಿಂದಲೇ.

3. ಸ್ಥಳೀಯ ಜ್ಞಾನಕ್ಕೆ ಬೆಲೆ ಕೊಡಬೇಕು. ಗಾಳಿಯನ್ನು ಬಲ್ಲವನ ಮಾತು ಕೇಳಿದಾಗ ಒಂದು ತಿಂಗಳು, ಕೇಳದಿದ್ದಾಗ ಮೂರು ತಿಂಗಳು ಮತ್ತು ಹತ್ತಾರು ಹೆಣಗಳು.

4. ಸಣ್ಣ ಪಾಲುಗಳನ್ನು ಕೂಡಿಸಿದರೆ ದೊಡ್ಡ ಸಾಹಸ ಸಾಧ್ಯ. ಡಚ್ಚರು ಷೇರಿನಿಂದ ಸಾಧಿಸಿದುದನ್ನು ನಮ್ಮ ರೈತರ ಮತ್ತು ನೇಕಾರರ ಸಹಕಾರ ಸಂಘಗಳು, ಉತ್ಪಾದಕರ ಕಂಪನಿಗಳು ನ್ಯಾಯದ ಚೌಕಟ್ಟಿನಲ್ಲಿ ಸಾಧಿಸಬಹುದು.

5. ಎದುರಾಳಿಗೆ ಅಗತ್ಯವಾದುದು ನಮ್ಮಲ್ಲಿ ಏನಿದೆ ಎಂಬ ಅರಿವೇ ಚೌಕಾಶಿಯ ಬಲ. ಕೆಳದಿಗೆ ಫಿರಂಗಿಯ ನೌಕಾಪಡೆ ಇರಲಿಲ್ಲ, ಅಕ್ಕಿ ಇತ್ತು.

6. ಲಾಭದ ಲೆಕ್ಕದಲ್ಲಿ ಬಾರದ ನಷ್ಟವನ್ನು ಯಾರೋ ಒಬ್ಬರು ಹೊರುತ್ತಾರೆ. ನಾವಿಕನೂ ಗುಲಾಮನೂ ಹೊತ್ತ ಆ ಭಾರವನ್ನು ಇಂದು ಸಾಲದ ರೈತ, ಕೂಲಿಯ ನೇಕಾರ ಹೊರುವಂತಾಗಬಾರದು. ಅಂತಹ ವ್ಯಾಪಾರ ಬಹುಕಾಲ ಬಾಳುವುದಿಲ್ಲ.

ಉಪಸಂಹಾರ

ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ಸುಮಾರು 13,000 ಎಕರೆ ಭೂಮಿ ಇಂದು ಗುತ್ತಿಗೆಯ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಾಗಿದೆ. ಮಳೆಯನ್ನೇ ನಂಬಿ ಬಿತ್ತುತ್ತಿದ್ದ ನೆಲದಲ್ಲಿ ಬಿಸಿಲಿನ ಬೆಳೆ ತೆಗೆಯಲಾಗುತ್ತಿದೆ. ಹೊರಗಿನಿಂದ ಬಂದ ಬದಲಾವಣೆ ಈ ಸೀಮೆಗೆ ಹೊಸದಲ್ಲ; ಕಡಲೆಕಾಯಿಯೂ ಒಂದು ಕಾಲಕ್ಕೆ ಹಾಗೆಯೇ ಬಂದಿತ್ತು. ಪ್ರತಿ ಬಾರಿಯೂ ಕೇಳಬೇಕಾದ ಪ್ರಶ್ನೆ ಒಂದೇ: ಬದಲಾವಣೆಯ ಷರತ್ತನ್ನು ಬರೆಯುವವರಲ್ಲಿ ನಾವೂ ಇದ್ದೇವೆಯೇ, ಅಥವಾ ಟೋರ್ಡೆಸಿಲ್ಯಾಸ್‌ನಲ್ಲಿ ಗೆರೆ ಎಳೆದಂತೆ ಬೇರೆಯವರು ಬರೆದುದಕ್ಕೆ ನಾವು ಒಳಪಟ್ಟಿದ್ದೇವೆಯೇ? ತಿಮ್ಮೋಜನು ಈ ಪ್ರಶ್ನೆಯನ್ನು ತಡವಾಗಿ ಕೇಳಿಕೊಂಡನು. ನಮಗೆ ಇನ್ನೂ ಕಾಲಾವಕಾಶವಿದೆ.

ಸದಸ್ಯರ ಚರ್ಚೆಗೆ

1. ನಿಮ್ಮ ಅಂಗಡಿಯಲ್ಲಿ ಮಾರಾಟವಾಗುವ ಸರಕುಗಳಲ್ಲಿ ಅಮೆರಿಕ ಖಂಡದ ಮೂಲದವು ಎಷ್ಟು? ಪಟ್ಟಿಮಾಡಿ ನೋಡಿರಿ.

2. ಕಾರ್ತಾಜ್ ಪದ್ಧತಿಗೂ ಇಂದಿನ ಪರವಾನಗಿ, ಸುಂಕ, ಪ್ರಮಾಣಪತ್ರಗಳಿಗೂ ಇರುವ ಹೋಲಿಕೆ ಮತ್ತು ವ್ಯತ್ಯಾಸಗಳೇನು?

3. ನಿಮ್ಮ ವ್ಯವಹಾರ ಎಷ್ಟು ಜನ ಗಿರಾಕಿಗಳನ್ನು, ಎಷ್ಟು ಜನ ಸರಬರಾಜುದಾರರನ್ನು ಅವಲಂಬಿಸಿದೆ? ಅವರಲ್ಲಿ ಒಬ್ಬರು ಕೈಬಿಟ್ಟರೆ ಮುಂದಿನ ದಾರಿಯೇನು?

4. ವೈ.ಎನ್. ಹೊಸಕೋಟೆಯ ಸೀರೆಗೆ ತನ್ನದೇ ಹೆಸರಿನ ಮಾರುಕಟ್ಟೆ ರೂಪಿಸಲು ನೇಕಾರರೂ ವರ್ತಕರೂ ಕೂಡಿ ಏನು ಮಾಡಬಹುದು?